ಮ್ಯಾಲಿನ ಹಾಲು

ಬೆಳಗಾವಿ ಬಸ್ ನಿಲ್ದಾಣದಲ್ಲಿ ಬಸ್ಸಿನ ಹಣೆಯ ಮೇಲೆ 'ಖಾನಾಪುರ' ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ, ಕಂಡಕ್ಟರನನ್ನೊಮ್ಮೆ, ಒಳಗೆ ಕೂತವರನ್ನೊಮ್ಮೆ ಕೇಳಿಯೇ ಹತ್ತುವವಳು ಪೂರ್ಣಿಮಾ. ಹಾಲಿನ ಪಾಕೀಟನ್ನು ಮೂಸದೆ ಒಲೆಗಿಟ್ಟವಳಲ್ಲ. "ದೇವರು ಪ್ರತ್ಯಕ್ಷ ಆದ್ರೂ ನಮ್ಮಾಕಿ ಆಧಾರ್ ಕಾರ್ಡ್ ಕೇಳ್ತಾಳ" ಎಂದು ಗಂಡ ಪ್ರಸಾದ ನಗುತ್ತಿದ್ದ.

ಬೆಳಗಾವಿಯ ತವರಿನಲ್ಲಿ ಬಾಣಂತನ ಮುಗಿಸಿ ಖಾನಾಪುರದ ಗಂಡನ ಮನೆಗೆ ಮರಳಿದ ಮರುದಿನವೇ ಆಶಾ ಕಾರ್ಯಕರ್ತೆ ಪ್ರಮಿಳಾ ಬಂದಳು. ಮರಾಠಿಯಲ್ಲಿ ಯೋಚಿಸಿ ಕನ್ನಡದಲ್ಲಿ ಮಾತಾಡುವವಳು. "ಆರು ತಿಂಗಳ ತನಕ ನಿನ್ನ ಹಾಲ ಸಾಕು. ಮ್ಯಾಲಿನ ಹಾಲು ಮಾತ್ರ ಒಂದು ಹನೀನೂ ಕೊಡಬ್ಯಾಡ" ಎಂದು ಗಟ್ಟಿಯಾಗಿ ಹೇಳಿ ಹೋದಳು.

ಪೂರ್ಣಿಮಾ ಅದನ್ನು ತನ್ನದೇ ರೀತಿಯಲ್ಲಿ ತಿಳಿದುಕೊಂಡಳು. ನಳ ಬಂದಾಗ ಮೊದಲ ನೀರು ಬಿಟ್ಟು ಆಮೇಲಲ್ಲವೇ ಕೊಡ ಇಡುವುದು? ಹಾಗೆಯೇ ಎದೆಯಲ್ಲಿ ಮೇಲೆ ನಿಂತ ಹಾಲೂ ಕೆಟ್ಟದ್ದಿರಬೇಕು. ಅಂದಿನಿಂದ ಪ್ರತಿ ಸಲವೂ ಕೋಣೆಯ ಬಾಗಿಲು ಹಾಕಿಕೊಂಡು, ಮೊದಲ ಹಾಲನ್ನು ಬಟ್ಟಲಿಗೆ ಹಿಂಡಿ ತೆಗೆದು, ಉಳಿದದ್ದನ್ನು ಕೂಸಿಗೆ ಕುಡಿಸತೊಡಗಿದಳು. ಬಟ್ಟಲಿನದು ಮೋರಿಗೆ ಹೋಗುತ್ತಿತ್ತು.

ಅಂಗನವಾಡಿಯಲ್ಲಿ ತೂಗಿದಾಗ ಕೂಸಿನ ತೂಕ ಹಿಂದಿನ ತಿಂಗಳು ಇದ್ದಲ್ಲೇ ನಿಂತಿತ್ತು.

"ನಿನ್ನ ಹಾಲು ಸಾಲವಲ್ದು, ಪೂರ್ಣಿ" ಎಂದಳು ಅತ್ತೆ ಶಿವಬಸವ್ವ. ಸಂಜೆ ಔಷಧಿ ಅಂಗಡಿಯಿಂದ ಪುಡಿಹಾಲಿನ ಡಬ್ಬಿ ಬಂತು.

"ಇನ್ನೊಮ್ಮೆ ತೂಗೂ ತನಕ ತಡೀರಿ ಅತ್ತ್ಯಾರ."

"ತಡೀತೀನಿ. ಆಗೂ ಏರಲಿಲ್ಲಂದ್ರ ನಾ ಯಾರ ಮಾತೂ ಕೇಳಾಕಿ ಅಲ್ಲ."

ಡಬ್ಬಿ ಜೋಳದ ಹಿಟ್ಟಿನ ಪಕ್ಕ ಕೂತಿತು. ಜಗತ್ತನ್ನೆಲ್ಲ ಅನುಮಾನಿಸುತ್ತಿದ್ದವಳು ಈಗ ತನ್ನ ಮೈಯನ್ನೇ ಅನುಮಾನಿಸಿದಳು. ಆ ಅನುಮಾನ ತಡೆಯಲಾರದಾದಾಗ ಅತ್ತೆಯ ಕಡೆ ಹೊರಳಿಸಿದಳು. ಅತ್ತೆ ಕೂಸನ್ನು ಎತ್ತಿಕೊಂಡು ಪಡಸಾಲೆಗೆ ಹೋದರೆ ಇವಳು ಕಸಬರಿಗೆ ಹಿಡಿದು ಹಿಂದೆಯೇ. ಗುಡಿಸಿದ್ದನ್ನೇ ಗುಡಿಸುವುದು.

ಒಂದು ಮಧ್ಯಾಹ್ನ ನೋಡಿದರೆ ಡಬ್ಬಿಯ ಬೆಳ್ಳಿ ಹಾಳೆ ಹರಿದಿತ್ತು, ಚಮಚ ಒದ್ದೆಯಾಗಿತ್ತು. ಓಡಿಹೋಗಿ ಮಲಗಿದ್ದ ಕೂಸಿನ ಬಾಯಿ ಮೂಸಿದಳು. ತನ್ನದೇ ಹಾಲಿನ ವಾಸನೆ. ಆದರೂ ನಂಬಿಕೆ ಬರಲಿಲ್ಲ.

"ಡಬ್ಬಿ ಯಾರು ಒಡದ್ರು, ಅತ್ತ್ಯಾರ?"

"ನಾನ. ಹಾಲಿನವ ಬಂದಿದ್ದಿಲ್ಲ, ಚಾಕ್ಕ ಹಾಕೊಂಡೆ. ಸುಣ್ಣದ ನೀರು ಕುಡದಂಗಾತು." ಶಿವಬಸವ್ವ ಸೊಸೆಯ ಮುಖ ನೋಡಿದಳು. "ಕೂಸಿಗೆ ಹಾಕೀನಿ ಅಂತ ಬಾಯಿ ಮೂಸಿ ಬಂದೀಯಲ್ಲ? ನಂದಿರಲಿ. ನೀ ದಿನಾ ಬಾಗಲಾ ಹಾಕೊಂಡು ಏನ್ ಮಾಡ್ತಿ? ನನ್ನ ದೃಷ್ಟಿ ತಾಗತೈತಿ ಅಂತೇನು?"

ಆ ಮಾತು ಪೂರ್ಣಿಮಾಳಿಗೆ ಚುಚ್ಚಿತು. ಅತ್ತೆಯೂ ಇಷ್ಟು ದಿನ ತನ್ನನ್ನು ಅನುಮಾನಿಸುತ್ತಿದ್ದಳೆಂದು ಅವಳಿಗೆ ಹೊಳೆದೇ ಇರಲಿಲ್ಲ. "ಹಂಗಲ್ರಿ. ಮ್ಯಾಲಿನ ಹಾಲು ಕೊಡಬ್ಯಾಡ ಅಂದಾರಲ್ರಿ ಪ್ರಮಿಳಕ್ಕ. ಅದಕ್ಕ ಮೊದಲಿಂದು ಹಿಂಡಿ ಚಲ್ಲತೀನ್ರಿ."

ಶಿವಬಸವ್ವ ಹೊಸ್ತಿಲ ಮೇಲೆ ಕುಸಿದು ಕೂತಳು. ನಗುವುದೋ ಬಯ್ಯುವುದೋ ತಿಳಿಯದೆ ಎರಡನ್ನೂ ಮಾಡಿದಳು. "ಅಯ್ಯ ಖೋಡಿ, ಮ್ಯಾಲಿನ ಹಾಲು ಅಂದ್ರ ಹೊರಗಿಂದು. ಎಮ್ಮೀದು, ಈ ಡಬ್ಬೀದು. ಮರಾಠಿಯೊಳಗ ಅದಕ್ಕ 'ವರಚ ದೂಧ' ಅಂತಾರ. ಆಕಿ ಅದನ್ನ ಕನ್ನಡ ಮಾಡಿ ಹೇಳ್ಯಾಳ. ಕೂಸಿನ ಪಾಲು ಮೋರಿಗಿ ಕುಡಸೀಯಲ್ಲ."

ಪೂರ್ಣಿಮಾ ನಂಬಿದಳೇ? ಪ್ರಮಿಳಾಳಿಗೆ ಫೋನ್ ಹಚ್ಚಿದಳು. ಆಕೆ ನಡೆದದ್ದನ್ನೆಲ್ಲ ಬಿಡಿಸಿ ಕೇಳಿದಳು. ಆಮೇಲೆ, "ತಪ್ಪು ನಂದೂ ಐತಿ ಬಾಯಿ. ಕೊಟ್ಟು ನೋಡು, ಪೂರ್ತಿ ಕೊಡು. ಆದ್ರೂ ತೂಕ ಏರಲಿಲ್ಲಂದ್ರ ಡಾಕ್ಟರ್ ಕಡೆ ಹೋಗೂಣು. ಡಬ್ಬಿ ಒಡೀಬ್ಯಾಡ್ರಿ."

"ಅದು ಒಡದಾತ್ರಿ" ಎಂದಳು ಪೂರ್ಣಿಮಾ. "ಅತ್ತ್ಯಾರು ಚಾ ಮಾಡ್ಕೊಂಡ್ರು."

ಕೋಣೆಯ ಬಾಗಿಲು ತೆರೆದುಕೊಂಡಿತು. ಕೂಸು ಹಾಲು ಗುಟುಕರಿಸುವ ಸದ್ದು ಪಡಸಾಲೆಯವರೆಗೆ ಕೇಳತೊಡಗಿತು. ಆದರೂ ರಾತ್ರಿ ಮಲಗುವ ಮುನ್ನ ಪೂರ್ಣಿಮಾ ಡಬ್ಬಿಯ ಮುಚ್ಚಳ ತೆರೆದು ಪುಡಿ ಎಷ್ಟಿದೆ ಎಂದು ನೋಡುವುದನ್ನು ಬಿಡಲಿಲ್ಲ.

ಮತ್ತೆ ತೂಕದ ದಿನ ಬಂತು. ತಕ್ಕಡಿಯ ಮುಳ್ಳು ಏರಿತ್ತು, ಚೆನ್ನಾಗಿಯೇ ಏರಿತ್ತು. ಪೂರ್ಣಿಮಾ ಕೂಸನ್ನು ಇಳಿಸಿಕೊಂಡು, ಕುಲಾವಿ ಬಿಚ್ಚಿ, "ಇನ್ನೊಮ್ಮೆ ತೂಗ್ರಿ" ಎಂದಳು.

"ಖರೇನ ಏರೈತಿ ಬಾಯಿ" ಎಂದಳು ಪ್ರಮಿಳಾ. "ತಕ್ಕಡೀನೂ ಮೂಸಿ ನೋಡ್ತೀಯೇನು?"

ಎರಡನೆಯ ಸಲವೂ ಮುಳ್ಳು ಅಲ್ಲೇ ನಿಂತಿತು. ಕೂಸು ರಂಪ ಮಾಡತೊಡಗಿತ್ತು. ಪೂರ್ಣಿಮಾ ಅಲ್ಲೇ ಚಾಪೆಯ ಮೇಲೆ, ಎಲ್ಲರ ನಡುವೆ, ಸೆರಗು ಹೊದ್ದು ಕೂತು ಮೊದಲ ಹನಿಯಿಂದಲೇ ಕುಡಿಸಿದಳು.