ಮಹಾರುದ್ರಪ್ಪನಿಗೆ ಕೇಳಿಸಿದ ಸ್ವಗತ

ಹುಮನಾಬಾದಿನ ಬೆಲ್ಲದ ಅಡತಿ ವ್ಯಾಪಾರಿ ಮಹಾರುದ್ರಪ್ಪನಿಗೆ ಹೊಟ್ಟೆಕಿಚ್ಚು ಹತ್ತಿದ್ದು ಒಂದು ಶಬ್ದದ ಮೇಲೆ. ೧೯೬೩ರಲ್ಲಿ ಬಜಾರದವರೆಲ್ಲ ಕೂಡಿ ಕಟ್ಟಿದ ನಾಟಕದಲ್ಲಿ ಅವನೇ ರಾಜ. ಕಿರೀಟ ಅವನದು, ಸಿಂಹಾಸನದ ಕುರ್ಚಿಯೂ ಅವನ ಅಂಗಡಿಯದು. ಕುಟಿಲ ಮಂತ್ರಿಯ ಪಾರ್ಟು ಮಾತ್ರ ಬಸವಕಲ್ಯಾಣದಿಂದ ಬಸ್ಸು ಹಿಡಿದು ಬರುತ್ತಿದ್ದ ಗಡಿಯಾರ ರಿಪೇರಿಯ ದಿಗಂಬರನಿಗೆ ಹೋಗಿತ್ತು. ತಾಲೀಮು ನೋಡಲು ಬಂದವರು ಚಪ್ಪಾಳೆ ಹೊಡೆಯುತ್ತಿದ್ದುದು ಈ ಮಂತ್ರಿಗೆ. ಅದೂ ಒಬ್ಬನೇ ಮುಂದೆ ಬಂದು, ಬಾಯಿಗೆ ಕೈ ಅಡ್ಡ ಹಿಡಿದು ಆಡುವ ಮಾತಿಗೆ. ಮನೆಯಲ್ಲಿ ಹೆಂಡತಿ ಲಲಿತಾಬಾಯಿ ಕೂಡ ರೊಟ್ಟಿ ಬಡಿಯುತ್ತ ಅದೇ ಮಾತು ಅಂದುಕೊಂಡು ನಗುತ್ತಿದ್ದಳು. ಮಹಾರುದ್ರಪ್ಪ ಅರ್ಧ ರೊಟ್ಟಿಗೇ ಎದ್ದ.

ನಾಟಕದ ಪ್ರತಿ ತಂದು ನೋಡಿದ. ಆ ಮಾತುಗಳ ಮುಂದೆಲ್ಲ ಕಂಸದೊಳಗೆ ‘ಸ್ವಗತ’ ಎಂದಿತ್ತು. ರಾಜನ ಪುಟಗಳಲ್ಲಿ ಔಷಧಕ್ಕೆ ಬೇಕೆಂದರೂ ಒಂದಿರಲಿಲ್ಲ.

“ಏನ್ರಿ ಇದು ಸ್ವಗತ?” ಎಂದು ನಾಟಕ ಕಲಿಸುವ ಜಲಾಲುದ್ದೀನ್ ಮಾಸ್ತರನ್ನು ಹಿಡಿದ.

“ಸಂಸ್ಕೃತದ್ದು, ಸಾವ್ಕಾರ್ರ. ಸ್ವ ಅಂದ್ರ ತಾನು, ಗತ ಅಂದ್ರ ಹೋದದ್ದು. ತನ್ನೊಳಗೇ ಹೋದ ಮಾತು. ಹಿಂದಿನ ಕಾಲದ ನಾಟಕದಾಗೂ ಇತ್ತು. ಮಂದಿಗೆ ಕೇಳಸ್ತದ, ಬಾಜೂಕ ನಿಂತವಗ ಕೇಳಸಂಗಿಲ್ಲ.”

“ಕಡೀ ಸಾಲಿನವಗ ಕೇಳಸ್ತದ, ಬಾಜೂಕಿನವಗ ಇಲ್ಲ? ಎಂಥಾ ಧಂದಾರಿ ಇದು! ಇರ್ಲಿ, ನನಗೂ ಎರಡು ಹಾಕ್ರಿ.”

“ರಾಜಗ ಮನಸಿನಾಗ ಇಟ್ಕೊಳ್ಳೋ ಜರೂರತ್ ಏನದರಿ? ಹುಕುಂ ಮಾಡೋದು!” ಮಾಸ್ತರು ಹಾರ್ಮೋನಿಯಂ ಕಡೆ ತಿರುಗಿದರು.

ಟವೆಲಿನ ಕೆಳಗೆ ಕೈ ಹಿಡಿದು ಗುಟ್ಟಾಗಿ ಬೆಲ್ಲದ ದರ ಕುದುರಿಸುವ ವಿದ್ಯೆ ಮಹಾರುದ್ರಪ್ಪನ ಬೆರಳ ತುದಿಯಲ್ಲಿತ್ತು. ಆದರೆ ಕಿವಿಗೆ ಬಿದ್ದದ್ದನ್ನು ಬೀಳಲಿಲ್ಲ ಎನ್ನುವ ವ್ಯಾಪಾರ ಅವನ ವಂಶದಲ್ಲೇ ಇರಲಿಲ್ಲ.

ನಾಟಕದ ದಿನ ಮೊದಲ ಸಾಲಿನಲ್ಲಿ ಲಲಿತಾಬಾಯಿ. ದಿಗಂಬರ ಮುಂದೆ ಬಂದು ಬಾಯಿಗೆ ಕೈ ಅಡ್ಡ ಹಿಡಿದ: “ಈ ಮೂಢ ರಾಜನಿಗೆ ಕಿರೀಟದ ಕೆಳಗೆ ತಲೆಯೆಂಬುದೇ ಇಲ್ಲ!”

ಚಪ್ಪಾಳೆ ಬಿತ್ತು. ಲಲಿತಾಬಾಯಿ ಸೆರಗು ಬಾಯಿಗೊತ್ತಿ ನಕ್ಕಳು. ಅದನ್ನು ಕಂಡದ್ದೇ ಮಹಾರುದ್ರಪ್ಪ ಸಿಂಹಾಸನದಿಂದ ಧಡಕ್ಕನೆ ಎದ್ದ.

“ಯಾರಿಗಂತೀಯಲೇ? ಕಿರೀಟ ನಂದು, ಕುರ್ಚಿ ನಂದು, ಈಗಷ್ಟ ನೀ ಕುಡದ ಚಾನೂ ನಂದು!”

ಮಂದಿ ಬಿದ್ದುಬಿದ್ದು ನಕ್ಕರು. ಸಿಳ್ಳೆ ಹಾರಿದವು. ಅಂತೂ ತನ್ನ ಪಾಲಿಗೂ ಮೆಚ್ಚುಗೆ ಬಂತೆಂದು ರಾಜನ ಎದೆ ಉಬ್ಬುವಷ್ಟರಲ್ಲಿ ದಿಗಂಬರ ನಿಧಾನ ಮಂದಿಯ ಕಡೆ ತಿರುಗಿ, ಮತ್ತೆ ಕೈ ಅಡ್ಡ ಹಿಡಿದ: “ಅರೆರೆ! ಮನಸ್ಸಿನಲ್ಲಿ ಅಂದದ್ದೂ ಕೇಳಿತೇ ಇವನಿಗೆ? ಇನ್ನು ಮೇಲೆ ಯೋಚಿಸುವುದೂ ಕಷ್ಟ!”

ಡೇರೆ ಹಾರಿಹೋಗುವ ಹಾಗೆ ಚಪ್ಪಾಳೆ. ಪರದೆಯ ಮರೆಯಿಂದ ಮಾಸ್ತರು ಹಲ್ಲು ಕಚ್ಚಿ ಪಿಸುಗುಟ್ಟಿದರು: “ಕೇಳಸಿಲ್ರಿ, ಸಾವ್ಕಾರ್ರ! ನಿಮಗ ಕೇಳಸಿಲ್ಲ!”

ಮಹಾರುದ್ರಪ್ಪ ಕೂತ. ಲಲಿತಾಬಾಯಿ ಇನ್ನೂ ಚಪ್ಪಾಳೆ ಹೊಡೆಯುತ್ತಲೇ ಇದ್ದಳು. ಯಾರಿಗೆ ಎಂದು ಅವನು ಮನೆಗೆ ಹೋಗಿ ಕೇಳಲಿಲ್ಲ. ಮುಂದೆ ಇಪ್ಪತ್ತು ವರ್ಷ ಸಂಸಾರ ಮಾಡಿದರೂ ಕೇಳಲಿಲ್ಲ.