ಭಾವನ ವಿಡಿಯೋಗೆ ಮೂರು ಪ್ರತಿ

ಆಯುಧಪೂಜೆಯ ದಿನ ನನ್ನ ಗಂಡನ ಅಣ್ಣ ನಮ್ಮವ್ವನ ದನಿಯನ್ನು ಅಳಿಸಿಬಿಟ್ಟರು. ಮೂರು ವರ್ಷವಾಯಿತು. ನಾನಿನ್ನೂ ಕ್ಷಮಿಸಿಲ್ಲ, ಕ್ಷಮಿಸುವ ಯೋಚನೆಯೂ ಇಲ್ಲ.

ನಮ್ಮವ್ವ ಟಿ. ನರಸೀಪುರದ ಕಡೆ ಮದುವೆಮನೆಗಳಲ್ಲಿ ಸೋಬಾನೆ ಹಾಡುತ್ತಿದ್ದವಳು. ಅವಳ ಕೊನೆಯ ಎರಡು ವರ್ಷ, ತವರಿಗೆ ಹೋದಾಗಲೆಲ್ಲ ಕೂರಿಸಿ ಹಾಡಿಸಿ ಫೋನಿನಲ್ಲಿ ಹಿಡಿದುಕೊಂಡಿದ್ದೆ. ನಡುನಡುವೆ ಕೆಮ್ಮು, "ಸಾಕ್ ಬುಡವ್ವ, ಗಂಟ್ಲು ಒಣಗದೆ" ಎಂಬ ಗೊಣಗಾಟ, ಎಲ್ಲವೂ ಇತ್ತು. ಅವಳು ತೀರಿಕೊಂಡ ಮೇಲೆ ನನಗೆ ಉಳಿದದ್ದು ಅದೊಂದೇ. ಅದನ್ನು ನಂಜನಗೂಡಿನ ನಮ್ಮ ಮನೆಯ ಕಂಪ್ಯೂಟರಿಗೆ ಹಾಕಿ, ಬೇರೆ ಹಾರ್ಡ್ ಡಿಸ್ಕಿಗೂ ಒಂದು ಪ್ರತಿ ಇಳಿಸಿ, ಭಾರಿ ಜಾಣೆಯ ಹಾಗೆ ಆ ಡಿಸ್ಕನ್ನು ವೈರು ಸಮೇತ ಕಂಪ್ಯೂಟರಿನ ತಲೆಯ ಮೇಲೇ ಇಟ್ಟಿದ್ದೆ.

ಹಿರಿಯರಾದ್ದರಿಂದ ಪೂಜೆ ಭಾವನದೇ. ಬೈಕು, ಕುಡುಗೋಲು, ಮಿಕ್ಸಿ ಎಲ್ಲ ಮುಗಿಸಿ ಕಂಪ್ಯೂಟರಿನ ಮುಂದೆ ನಿಂತರು. "ಬೈಕ್ನ ಸ್ಟಾರ್ಟ್ ಮಾಡಿ ಪೂಜೆ ಮಾಡಿಲ್ವಾ? ಇದ್ನೂ ಆನ್ ಮಾಡವ್ವ" ಎಂದರು. ಮಾಡಿದೆ. ಕಳಶದ ನೀರಿಗೆ ಮಾವಿನೆಲೆ ಅದ್ದಿದ್ದು ಕಂಡು, "ನೀರು ಬೇಡಿ ಬಾವ, ಹೂವು ಸಾಕು" ಅಂದೆ.

"ನೀರ್ ಚಿಮುಕಿಸ್ದೆ ಪೂಜೆ ಆಯ್ತದಾ? ನೀನ್ ಸುಮ್ಕಿರು."

ಮೂರು ಸಲ ಚಿಮುಕಿಸಿದರು, ಮೂರನೆಯದು ಫ್ಯಾನಿನ ಜಾಲರಿಯೊಳಕ್ಕೇ. ಚಟ್ ಎಂದಿತು, ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು. ನಾನು ಕಿರುಚಿದರೆ ಭಾವ ಕಡಲೆಪುರಿ ಬಾಯಿಗೆ ಹಾಕಿಕೊಂಡು, "ದೇವ್ರ ಕೆಲ್ಸದಲ್ಲಿ ಆಗದೆ, ಯಾರ್ನ ದೂರ್ತೀಯ?" ಎಂದರು. ಮೈಸೂರಿನ ರಿಪೇರಿಯವರು ಕಂಪ್ಯೂಟರು, ಅದಕ್ಕೇ ಚುಚ್ಚಿದ್ದ ಡಿಸ್ಕು ಎರಡನ್ನೂ ಬಿಚ್ಚಿ ನೋಡಿ ಕೈಚೆಲ್ಲಿದರು.

ಆದರೂ ನನಗೊಂದು ಧೈರ್ಯವಿತ್ತು. ಹಳೇ ಫೋನು ಕೊಟ್ಟು ಹೊಸದು ಕೊಳ್ಳುವಾಗ, ಕಂಪ್ಯೂಟರಿನಲ್ಲಿ ಅವ್ವನ ಹಾಡುಗಳಿದ್ದ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ಎಳೆದು ನರಸೀಪುರದಲ್ಲಿರುವ ತಂಗಿಯ ಮನೆಯಲ್ಲಿ ಇಟ್ಟು ಬಂದಿದ್ದೆ. ಮಾರನೆಯ ದಿನವೇ ಬಸ್ಸು ಹತ್ತಿ ಹೋಗಿ ತೆರೆದೆ. ಒಳಗೆ ಇದ್ದದ್ದು ಒಂದೇ ಒಂದು ಫೈಲು, ಭಾವನ ನಿವೃತ್ತಿ ಸಮಾರಂಭದ ವಿಡಿಯೋ. ಅವರೇ ಯಾವಾಗಲೋ ತಂದು ನನ್ನ ಫೋಲ್ಡರಿಗೆ ತುರುಕಿದ್ದರು. ಅದು ಮೊದಲು ನುಗ್ಗಿ ಜಾಗವೆಲ್ಲ ನುಂಗಿತ್ತು, ಅವ್ವನಿಗೆ ಉಳಿದಿರಲಿಲ್ಲ. ಹಾಗೆ ಎಳೆದ ದಿನ ಪರದೆಯ ಮೇಲೆ ಏನೋ ಸೂಚನೆ ಬಂದಿತ್ತು. ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದು ಓದದೆ ಮುಚ್ಚಿದ್ದೆ. ತೆರೆದು ನೋಡದ ಪ್ರತಿ ಪ್ರತಿಯೇ ಅಲ್ಲ ಎಂದು ಕಲಿಯಲು ಅಷ್ಟು ಬೆಲೆ ತೆರಬೇಕಾಯಿತು.

ವಾರ ಕಳೆದು ಭಾವ ಬಂದರು. "ನನ್ ಫಂಕ್ಷನ್ ವಿಡಿಯೋನೂ ಓಯ್ತಾ?"

"ಹೋಯ್ತು ಬಾವ. ದೇವರ ಕೆಲಸದಲ್ಲಿ ಆಗಿದ್ದು, ಯಾರನ್ನ ದೂರೋಣ?"

ಅವರ ಮುಖ ಸಪ್ಪಗಾದದ್ದು ಕಂಡು ನನ್ನ ಹೊಟ್ಟೆ ತಣ್ಣಗಾಯಿತು.

ಆಮೇಲೆ ಶಿಸ್ತು ಕಲಿತೆ. ಆ ವಿಡಿಯೋ ಈಗ ಹೊಸ ಕಂಪ್ಯೂಟರಿನಲ್ಲಿ ಒಂದು, ಬೀರುವಿನೊಳಗಿನ ಡಿಸ್ಕಿನಲ್ಲಿ ಒಂದು, ಇಂಟರ್ನೆಟ್ಟಿನಲ್ಲಿ ಒಂದು. ತಿಂಗಳ ಮೊದಲ ದಿನ ಮೂರನ್ನೂ ತೆರೆದು ಮೊದಲು, ನಡು, ಕೊನೆ ನೋಡುತ್ತೇನೆ. ಯಾಕೆಂದರೆ ಇದ್ದದ್ದನ್ನು ಇಲ್ಲ ಎಂದರೆ ಸೇಡು. ಅದು ನಿಜವಾಗಿಯೂ ಹಾಳಾದರೆ ಅವರೂ ನಾನೂ ಸಮವಾಗಿಬಿಡುತ್ತೇವೆ.

ಈ ವರ್ಷ ಭಾವನ ಹೆಂಡತಿ ತೀರಿಕೊಂಡಳು. ನಮ್ಮವ್ವ ಹೋದಾಗ ಮೂರು ದಿನ ಜೊತೆಗಿದ್ದು ನನಗೆ ಗಂಜಿ ಕುಡಿಸಿದ ಅಕ್ಕ. ತಿಥಿ ಕಳೆದ ಮೇಲೆ ಭಾವ ಬಂದು ಕುರ್ಚಿಯ ತುದಿಯಲ್ಲಿ ಕೂತರು.

"ನನ್ ಫಂಕ್ಷನ್ನಲ್ಲಿ ಅವ್ಳು ಮೈಕ್ ಇಡ್ಕೊಂಡು ಮಾತಾಡಿದ್ಲು ಕಣವ್ವ. ಅದ್ಬುಟ್ರೆ ಇನ್ನೆಲ್ಲೂ ಇಲ್ಲ. ಎಲ್ಲಾರ ಒಂದ್ಕಡೆ ಉಳ್ದಿದ್ದದಾ, ನೋಡವ್ವ. ಅವ್ಳ ದನಿ ಮರ್ತೋಯ್ತಾ ಅದೆ."

ದನಿ ಮರೆತುಹೋಗುವುದೆಂದರೆ ಏನು ಎಂದು ಅವರು ನನಗೆ ಹೇಳಿಕೊಡಬೇಕಾಗಿರಲಿಲ್ಲ. "ಇಲ್ಲ ಬಾವ, ಎಲ್ಲೂ ಇಲ್ಲ" ಅಂದೆ. ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋದರು.

ಅವರು ಬೀದಿ ದಾಟಿದ ಮೇಲೆ ವಿಡಿಯೋ ಹಾಕಿದೆ. ಅಕ್ಕ ಮೈಕ್ ಹಿಡಿದು, "ಇಷ್ಟ್ ದಿನ ಆಪೀಸ್ನೋರು ತಡ್ಕೊಂಡ್ರು, ಇನ್ಮೇಲೆ ನಾನ್ ತಡ್ಕೋಬೇಕು" ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ, ಎಲ್ಲರಿಗಿಂತ ಜೋರಾಗಿ ಭಾವ. ದನಿ ಒಂದಿಷ್ಟೂ ಕೆಟ್ಟಿಲ್ಲ. ಅದನ್ನು ಕೇಳುವವಳು ಈಗ ನಾನೊಬ್ಬಳೇ.