ದೋಣಿಯ ಹಿಂದೆ ಕೂತ ಬ್ಯಾಟರಿ

ಆ ಬ್ಯಾಟರಿಯನ್ನು ದೋಣಿಯ ಹಿಂಬದಿಯಲ್ಲಿ ಇಡಬೇಡಿ ಎಂದು ನಾನು ಹೇಳಿದ್ದೆ. ಈಗಲೂ ಪಾತ್ರೆ ತೊಳೆಯುವಾಗ, ರಿಕ್ಷಾದಲ್ಲಿ ಕೂತಾಗ ಅದೇ ಮಾತನ್ನು ಇನ್ನೂ ಜೋರಾಗಿ ಹೇಳುತ್ತಿರುತ್ತೇನೆ. ಕೇಳುವವರು ಯಾರೂ ಇರುವುದಿಲ್ಲ. ಆ ದಿನವೂ ಇರಲಿಲ್ಲ.

ಪುಣೆಯ ಸದಾಶಿವ ಪೇಠದಲ್ಲಿ ನನ್ನ ಗಂಡನದು ಇನ್ವರ್ಟರ್ ಮತ್ತು ಬ್ಯಾಟರಿಗಳ ಅಂಗಡಿ. ಮೀನು ಹಿಡಿಯುವ ಹುಚ್ಚು ಅವರಿಗೆ ಈಚೆಗೆ ಹತ್ತಿದ್ದು. ಯಾರಿಂದಲೋ ಇಬ್ಬರು ಕೂರುವ ಹಳೆಯ ಫೈಬರ್ ದೋಣಿ ಕೊಂಡರು. ಹುಟ್ಟು ಹಾಕಿ ತೋಳು ನೋಯುತ್ತದೆಂದು ಒಂದು ಟ್ರೋಲಿಂಗ್ ಮೋಟರ್ ತರಿಸಿದರು. ಉದ್ದ ಕೊಳವೆಯ ಕೆಳತುದಿಗೆ ಪುಟ್ಟ ಪಂಖ, ಮೇಲೆ ಹಿಡಿಕೆ. ದೋಣಿಯ ಹಿಂಬದಿಯ ಹಲಗೆಗೆ ಬಿಗಿದು ಬ್ಯಾಟರಿಗೆ ಜೋಡಿಸಿದರೆ ಸದ್ದಿಲ್ಲದೆ ತಳ್ಳುತ್ತದೆ. ಅದಕ್ಕೆ ಸಣ್ಣದೊಂದು ಬ್ಯಾಟರಿ ಸಾಕಿತ್ತು. ನಮ್ಮವರು ಅಂಗಡಿಯಿಂದ ಹೊರಿಸಿಕೊಂಡು ಬಂದದ್ದು ಮನೆಯ ಇನ್ವರ್ಟರಿಗೆ ಇಡುವಂಥದ್ದು. ಇಬ್ಬರು ಎತ್ತಿದರೂ ಸೊಂಟ ಹಿಡಿಯುವಷ್ಟು ಭಾರ.

"ಬ್ಯಾಕಪ್ ಭಾಳ ಬರ್ತದ," ಅಂದರು.

ಇನ್ನೊಂದು ಕಡೆಯಿಂದ ಅದನ್ನು ಎತ್ತಿದವನು ನನ್ನ ತಮ್ಮ. ವಿಮಾನ ನಗರದ ಕೊರಿಯರ್ ಆಫೀಸಿನಲ್ಲಿ ಮ್ಯಾನೇಜರ್. ಅಲ್ಲಿ ಎಲ್ಲರಿಗೂ ಹುಕುಂ ಮಾಡುವವನು. ಈಜು ಬಾರದು, ಮೀನಿನ ಮೇಲೆ ಆಸೆಯೂ ಇಲ್ಲ. ದಾಜಿ ಕರೆದರೆಂದು ಬಂದಿದ್ದ. ಅಕ್ಕನ ಗಂಡನನ್ನು ದಾಜಿ ಎನ್ನುವುದನ್ನು ನಾವು ಪುಣೆಯಲ್ಲಿ ಕಲಿತೆವು; ಅವರ ಮಾತಿಗೆ ಇಲ್ಲ ಎನ್ನಬಾರದೆಂಬುದನ್ನು ಊರಿನಿಂದಲೇ ತಂದಿದ್ದೆವು. ಹೆಣ್ಣು ಕೊಟ್ಟ ಮನೆಯವರು ಅಳಿಯನ ಮುಂದೆ ತಲೆಯಾಡಿಸಬೇಕು, ಅಷ್ಟೆ.

ಲೋಣಾವಳಾ ದಾಟಿ ಒಳಗೆ ಹೋದರೆ ಸಿಗುವ ಹಿನ್ನೀರಿನ ದಂಡೆ. ಮೋಟರಿನ ಕ್ಲ್ಯಾಂಪಿಗೆ ದೋಣಿಯ ಹಲಗೆ ತೀರಾ ತೆಳುವಾಗಿತ್ತು. ಪ್ಲೈವುಡ್ ತುಂಡು ಸೇರಿಸಿದರು, ವಾರೆಯಾಯಿತು. ಬಿಚ್ಚಿ ಮತ್ತೆ ಬಿಗಿದರು. ಬಿಸಿಲು ನೆತ್ತಿಗೆ ಬಂತು. ಕೊನೆಗೆ ಮೋಟರ್ ಗಟ್ಟಿಯಾಗಿ ಕೂತಾಗ ವೈರು ಗಿಡ್ಡವೆಂದು ಗೊತ್ತಾಯಿತು.

"ಉದ್ದ ವೈರ್ ಹಾಕಿ ಬ್ಯಾಟರಿ ಮುಂದ ಇಡ್ರಿ," ಎಂದೆ. "ತೂಕ ಎಲ್ಲಾ ಹಿಂದ ಆಗ್ತದ."

"ವೈರ್ ಉದ್ದ ಆದ್ರ ವೋಲ್ಟೇಜ್ ಬೀಳ್ತದ. ಬ್ಯಾಟರಿ ಯಾವಾಗಲೂ ಮಶೀನ್ ಬಾಜೂಕ. ಇಷ್ಟು ವರ್ಷ ಇದನ್ನ ಮಾಡ್ಕೋತ ಬಂದೇನಿ."

"ಮನ್ಯಾಗ ಮಾಡೀರಿ. ಮನಿ ತೇಲಂಗಿಲ್ಲ."

ಇಬ್ಬರೂ ನಕ್ಕರು. ಬ್ಯಾಟರಿ ಮೋಟರಿನ ಪಕ್ಕದಲ್ಲೇ ಕೂತಿತು. ಅದು ಅಲುಗಾಡದಿರಲೆಂದು ಸುತ್ತಲೂ ಲೈಫ್ ಜಾಕೆಟ್‌ಗಳನ್ನು ತುರುಕಿದರು.

"ಅವು ಮೈಮ್ಯಾಲೆ ಹಾಕ್ಕೊಳ್ಳೋವು," ಎಂದು ತಮ್ಮನಿಗೆ ಹೇಳಿದೆ.

"ದಾಜಿ ಇದ್ದಾರಲಾ ಅಕ್ಕಾ."

ನಮ್ಮವರು ಹಿಂದೆ ಕೂತು ಹಿಡಿಕೆ ತಿರುವಿದರು. ದೋಣಿಯ ಮೂತಿ ಮೇಲೆದ್ದಿತು. ಹಿಂಬದಿಯ ಹಲಗೆ ನೀರಿನಿಂದ ಗೇಣಷ್ಟೂ ಮೇಲಿರಲಿಲ್ಲ. ಆದರೂ ಹೋಯಿತು. ಒಂದಿಷ್ಟು ದೂರ ಹೋದ ಮೇಲೆ ನನ್ನ ಕಡೆ ತಿರುಗಿ ಕೂಗಿದರು: "ನೋಡ, ರಿವರ್ಸನೂ ಹೋಗ್ತದ!"

ಹಿಂದಕ್ಕೆ ಹೊರಟ ದೋಣಿಯ ಹಲಗೆಯ ಮೇಲಿಂದ ನೀರು ಮೆಲ್ಲಗೆ ಒಳಗೆ ಹರಿಯತೊಡಗಿತು. ತಮ್ಮ ಮುಂಭಾಗದಲ್ಲಿದ್ದ. ಅಲ್ಲೇ ಕೂತಿದ್ದರೆ ಸಾಕಿತ್ತೇನೋ.

"ಬ್ಯಾಟರಿ! ಬ್ಯಾಟರಿ ಎತ್ತು ಬಾ!" ಎಂದು ನಮ್ಮವರು ಚೀರಿದರು.

"ಬ್ಯಾಡೋ, ಅಲ್ಲೇ ಕುಂದರು!" ಎಂದು ನಾನು ಕೂಗಿದೆ.

ಅವನು ನನ್ನ ಕಡೆ ನೋಡಿದ, ದಾಜಿಯ ಕಡೆ ನೋಡಿದ, ಎದ್ದು ಹಿಂದಕ್ಕೆ ಹೆಜ್ಜೆ ಇಟ್ಟ.

ನನ್ನ ಕಣ್ಣ ಮುಂದೆ ಮತ್ತೆ ಮತ್ತೆ ಬರುವುದು ಆ ಹೆಜ್ಜೆಯೇ. ದೋಣಿಯ ಹಿಂಭಾಗ ನೀರಿನೊಳಗೆ ಕುಸಿಯಿತು, ಮೂತಿ ನೆಟ್ಟಗೆ ಎದ್ದಿತು, ಇಡೀ ದೋಣಿ ಬೋರಲಾಯಿತು. ಲೈಫ್ ಜಾಕೆಟ್‌ಗಳು ತೇಲಿ ಹೊರಬಂದವು, ಯಾರ ಕೈಗೂ ಎಟುಕದಷ್ಟು ದೂರ. ತಮ್ಮನ ತಲೆ ಕಾಣಿಸಿತು, ಇಲ್ಲವಾಯಿತು, ಆಮೇಲೆ ಒಂದು ಕೈ ಮಾತ್ರ ಕಾಣಿಸಿತು.

ದೋಣಿ ಎಳೆಯುವ ಹಗ್ಗ ದಂಡೆಯಲ್ಲಿತ್ತು. ನನಗೂ ಈಜು ಬಾರದು. ಕೆಸರು ನೀರಿನಲ್ಲಿ ಎದೆಮಟ್ಟ ಇಳಿದು ಎಸೆದೆ, ಸಾಲಲಿಲ್ಲ. ಎಳೆದುಕೊಂಡು ಮತ್ತೆ ಎಸೆದೆ. ಊರ ಬಾವಿಯಲ್ಲಿ ಈಜು ಕಲಿತಿದ್ದ ನಮ್ಮವರು ಅಷ್ಟರಲ್ಲಿ ಅವನ ಕಾಲರ್ ಹಿಡಿದಿದ್ದರು. ಇನ್ನೊಂದು ಕೈಗೆ ಹಗ್ಗ ಸಿಕ್ಕಿತು. ಎಳೆದೆ.

ದಂಡೆಯಲ್ಲಿ ತಮ್ಮ ನೀರು ಕಾರುತ್ತಿದ್ದ. ನಮ್ಮವರು ಏದುಸಿರು ಬಿಡುತ್ತ ಮೊದಲು ಆಡಿದ ಮಾತು: "ಬ್ಯಾಟರಿ ಹೋತಲ್ಲೋ."

"ಸಾರಿ ದಾಜಿ," ಎಂದ ಅವನು, ಕೆಮ್ಮುತ್ತಲೇ.

ಬೋರಲಾದ ದೋಣಿ ತಾನೇ ದಂಡೆಗೆ ತೇಲಿಬಂತು. ಮೋಟರ್ ಇನ್ನೂ ಹಲಗೆಯನ್ನು ಕಚ್ಚಿಕೊಂಡೇ ಇತ್ತು. ಆ ಬಿಗಿತವನ್ನು ನಮ್ಮವರು ಈಗ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಮರಾಠಿಯಲ್ಲಿ ಹೊಗಳಿಕೊಳ್ಳುತ್ತಾರೆ. ಮುಳುಗಿದ್ದನ್ನು ನಗೆಯ ಕತೆ ಮಾಡಿ ಹೇಳುತ್ತಾರೆ. ಸಣ್ಣ ಬ್ಯಾಟರಿ, ಉದ್ದನೆಯ ದಪ್ಪ ವೈರು, ದೋಣಿಯ ಮುಂಭಾಗದಲ್ಲಿ ಬ್ಯಾಟರಿ ಇಡಲು ಒಂದು ಪೆಟ್ಟಿಗೆ, ಎಲ್ಲ ತಯಾರಾಗಿವೆ. ನಾನು ಹೇಳಿದ್ದೇ ಈಗ ಅವರ ವಿಚಾರ. ಮೊನ್ನೆ ನನ್ನೆದುರೇ ತಮ್ಮನಿಗೆ ಸ್ಪೀಕರ್ ಹಾಕಿ ಫೋನ್ ಮಾಡಿದರು.

"ಐತವಾರ ಬಾರಪಾ, ಟ್ರಾಯಲ್ ನೋಡೂಣು."

"ಆಫೀಸ್ ಅದರಿ ದಾಜಿ."

"ಐತವಾರ ಎಂಥಾ ಆಫೀಸೋ? ಹಂಗಾರ ಮುಂದಿನ ಐತವಾರ?"

"ಹೂಂನ್ರಿ."

ಒಳಗೆ ಹೋಗಿ ನಾನೇ ಅವನಿಗೆ ಫೋನ್ ಮಾಡಿ ಬೈದೆ. "ಬರಂಗಿಲ್ಲ ಅನ್ನಾಕ ಏನಾಗೇದ ನಿನಗ?"

"ದಾಜಿಗೆ ಹೆಂಗ ಅನ್ಲಿ ಅಕ್ಕಾ? ಸ್ನಾನಕ್ಕ ತಲಿಮ್ಯಾಲೆ ನೀರು ಹಾಕ್ಕೊಂಡ್ರೂ ಜೀವ ಝಲ್ ಅಂತದ ನನಗ."

ಹೊರಗೆ ಬಂದು ನಮ್ಮವರಿಗೆ ಹೇಳಿದೆ: "ಅಂವ ಬರಂಗಿಲ್ಲ. ಅವನ ಜಾಗಾದಾಗ ನಾ ಕುಂದರ್ತೀನಿ."

"ಹುಚ್ಚಿ ಏನ ನೀ? ಈಜ ಬರಂಗಿಲ್ಲ ನಿನಗ!"

"ಅವನಿಗೆ ಬರ್ತದೇನ್ರಿ?"

ಅವರು ಪೆಟ್ಟಿಗೆಯನ್ನು ಬದಿಗೆ ಸರಿಸಿದರು. ಆಮೇಲೆ ಫೋನ್ ಎತ್ತಿಕೊಂಡು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು. ಒಳಗೆ ಬಂದಾಗ ನನ್ನ ಮುಖ ನೋಡಲಿಲ್ಲ.

"ಮದಲ ಈಜು ಕಲೀತಾನಂತ," ಎಂದರು, ಅದು ಅವನೇ ಹೇಳಿದ ಮಾತೆಂಬಂತೆ.